ಉಸಿರಿನ ಗೆರೆ

ಚಿಂತಾಮಣಿಯ ಕಾಲೇಜೊಂದರಲ್ಲಿ ತನುಜ ಹನ್ನೊಂದು ವರ್ಷದಿಂದ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದಳು. ಹನ್ನೊಂದು ವರ್ಷವೂ ಅತಿಥಿ ಉಪನ್ಯಾಸಕಿಯಾಗಿಯೇ. ಪ್ರತಿ ವರ್ಷ ತರಗತಿ ಶುರುವಾಗುವ ಹೊತ್ತಿಗೆ ಈ ಸಲ ನೇಮಕದ ಆದೇಶ ಬರುತ್ತದೋ ಇಲ್ಲವೋ ಎಂದು ಕಾಯುವುದು, ಬಂದಮೇಲೆ ಶಿಡ್ಲಘಟ್ಟದಿಂದ ಬೆಳಗಿನ ಬಸ್ಸು ಹತ್ತುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಪಿಎಚ್.ಡಿ. ಮಾಡಿದ್ದಾಳೆ ಎಂದು ಬೀದಿಯವರಿಗೆ ಗೊತ್ತಿತ್ತು. ಯಾವುದರಲ್ಲಿ ಎಂದು ಕೇಳಿದವರು ಕಡಿಮೆ.

ಶಿಡ್ಲಘಟ್ಟದ ಮನೆಯಲ್ಲಿ ಇದ್ದವರು ತಾಯಿ, ಮಗಳು ಇಬ್ಬರೇ. ತಂದೆ ಗಂಗರಾಜು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನು, ತನುಜ ಪಿಯುಸಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ತಮ್ಮ ಕೆಂಪರಾಜು ಗೌರಿಬಿದನೂರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಇದ್ದ. ಇಬ್ಬರನ್ನೂ ಓದಿಸಿದವಳು ತಾಯಿ ಗಂಗುಲಮ್ಮ. ಇಪ್ಪತ್ತೆಂಟು ವರ್ಷ ಅವಳು ನೂಲು ಬಿಚ್ಚುವ ಕೆಲಸ ಮಾಡಿದ್ದಳು. ಕುದಿನೀರಿನ ಬೇಸಿನ್ ಮುಂದೆ ನಿಂತು, ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಅದನ್ನು ತಿರುಗುವ ರಾಟೆಗೆ ಕೊಡುತ್ತಲೇ ಇರಬೇಕು. ಕೆಳಗೆ ಸೌದೆಯ ಹೊಗೆ, ಮೇಲೆ ಹಬೆ, ಸುತ್ತ ಬೆಂದ ಹುಳುವಿನ ವಾಸನೆ. ಬೆರಳ ತುದಿಗಳು ಯಾವಾಗಲೂ ನೆನೆದು ಬೆಳ್ಳಗಿರುತ್ತಿದ್ದವು. ಮಗಳು ಉಪನ್ಯಾಸಕಿಯಾದ ಮೇಲೆ ಕೆಲಸ ಬಿಡು ಎಂದಾಗಲೆಲ್ಲ ಗಂಗುಲಮ್ಮ ಹೇಳುತ್ತಿದ್ದುದು ಒಂದೇ ಮಾತು: "ನಿನ್ ಕೆಲಸ ಪರ್ಮನೆಂಟ್ ಆಗ್ಲಿ ಕಣಮ್ಮ, ಮಾರನೇ ದಿನವೇ ಬಿಡ್ತೀನಿ."

ಬೆಂಗಳೂರಿನಲ್ಲಿ ಸಂಶೋಧನೆ ಮಾಡುವಾಗ ತನುಜ ಒಂದು ಸಾಫ್ಟ್‌ವೇರ್ ಬರೆದಿದ್ದಳು. ಅದಕ್ಕೆ 'ಬಾಗು' ಎಂದು ಹೆಸರಿಟ್ಟಿದ್ದಳು. ಎರಡು ಸಂಗತಿಗಳ ನಡುವಿನ ಸಂಬಂಧ ಎಲ್ಲ ಸಲವೂ ನೇರ ಗೆರೆಯಲ್ಲಿ ಹೋಗುವುದಿಲ್ಲ. ವಯಸ್ಸಿನ ಜೊತೆ ಎತ್ತರ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ. ಗೊಬ್ಬರ ಹಾಕಿದಷ್ಟೂ ಇಳುವರಿ ಏರಿ, ಆಮೇಲೆ ಇಳಿಯತೊಡಗುತ್ತದೆ. ಇಂಥ ಕಡೆ ಬಾಗುವ ಗೆರೆ ಬೇಕು. ಆದರೆ ಒಂದೊಂದು ಚುಕ್ಕೆಗೂ ಓಡಿಹೋಗಿ ಮುಟ್ಟುವಷ್ಟು ಬಾಗಬಾರದು. ಅದನ್ನು ವಿದ್ಯಾರ್ಥಿಗಳಿಗೆ ತೋರಿಸಲು ಅವಳು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಒಂದು ಬಿದಿರಿನ ಸೀಳನ್ನು ಕಿತ್ತು ತರುತ್ತಿದ್ದಳು. ಹಲಗೆಯ ಮೇಲಿನ ಮೊಳೆಗಳ ನಡುವೆ ಅದನ್ನು ಬಗ್ಗಿಸಿ ಕೂರಿಸಿ, "ನೋಡ್ರಪ್ಪ, ಬಗ್ಗುತ್ತೆ, ಆದ್ರೆ ಮುರಿಯಲ್ಲ. ಕಂಪ್ಯೂಟರ್ ಮಾಡೋದೂ ಇಷ್ಟೇ" ಅನ್ನುತ್ತಿದ್ದಳು. ಬಾಗು ಉಚಿತವಾಗಿ ಇಂಟರ್‌ನೆಟ್‌ನಲ್ಲಿತ್ತು. ಯಾವುದೋ ದೇಶದಲ್ಲಿ ಮೀನಿನ ತೂಕ ಅಳೆಯುವವರು, ಇನ್ನೆಲ್ಲೋ ಮಳೆಯ ಲೆಕ್ಕ ಇಡುವವರು ಅದನ್ನು ಬಳಸಿ ಪತ್ರ ಬರೆಯುತ್ತಿದ್ದರು. ಊರಲ್ಲಿ ಅದನ್ನು ಬಲ್ಲವರು ಒಬ್ಬರೇ, ಡಾಕ್ಟರ್ ಭಾನುಪ್ರಕಾಶ್.

ಭಾನುಪ್ರಕಾಶ್ ಅವರದು ಬೇಸಿನ್‌ಗಳಿರುವ ಬೀದಿಯಲ್ಲೇ ಒಂದು ಸಣ್ಣ ಟ್ರಸ್ಟಿನ ಕ್ಲಿನಿಕ್. ನೂಲು ಬಿಚ್ಚುವ ಹೆಂಗಸರಿಗೆ ಉಬ್ಬಸ, ಕೆಮ್ಮು ಹೆಚ್ಚು ಎಂದು ಅವರಿಗೆ ಬಂದ ಹೊಸದರಲ್ಲೇ ಗೊತ್ತಾಗಿತ್ತು. ಊದಿದರೆ ಉಸಿರಿನ ಬಲ ತೋರಿಸುವ ಯಂತ್ರವೊಂದನ್ನು ತರಿಸಿಕೊಂಡಿದ್ದರು. ಯಂತ್ರ ಅಂಕಿ ಕೊಡುತ್ತಿತ್ತು. ಆ ವಯಸ್ಸಿಗೆ, ಆ ಎತ್ತರಕ್ಕೆ ಅದು ಸಾಕೋ ಸಾಲದೋ ಹೇಳಲು ಒಂದು ಗೆರೆ ಬೇಕಿತ್ತು. ಅದನ್ನು ಇಲ್ಲಿನ ಜನರಿಂದಲೇ ಕಟ್ಟೋಣ ಎಂದು ಅವರಿಗೆ ಆಸೆ. ಎರಡು ವರ್ಷ ಓಡಾಡಿ, ಆರೋಗ್ಯವಾಗಿದ್ದೇವೆ ಎಂದ ನಾನೂರ ಹನ್ನೆರಡು ಜನರಿಂದ ಊದಿಸಿದರು. ತನುಜ ಆ ಅಂಕಿಗಳನ್ನು ಬಾಗುವಿಗೆ ಕೊಟ್ಟಳು. ಎರಡು ಸಾವಿರದ ಹತ್ತೊಂಬತ್ತರಲ್ಲಿ ಚಾರ್ಟು ತಯಾರಾಯಿತು. ಗೆರೆಗಿಂತ ಕೆಳಗೆ ಊದಿದವರ ಚೀಟಿಗೆ ಕೆಂಪು ಗುರುತು. ಅವರನ್ನು ಬೇಸಿನ್‌ನಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಬೇಕೆಂದು ಯಜಮಾನರಿಗೆ ಪತ್ರ. ಮೇಲಿದ್ದವರಿಗೆ ಹಸಿರು. ಕೆಂಪು ಗುರುತಿಗೆ ಬೆಲೆ ಕೊಡುವಂತೆ ಯಜಮಾನರನ್ನು ಒಪ್ಪಿಸಲು ಡಾಕ್ಟರಿಗೆ ಇನ್ನೂ ಎರಡು ವರ್ಷ ಹಿಡಿಯಿತು. ಆ ಚಾರ್ಟಿನ ಮೇಲೆ ಇಬ್ಬರೂ ಸೇರಿ ಬರೆದ ಲೇಖನ ಒಂದು ಪತ್ರಿಕೆಯಲ್ಲಿ ಬಂತು. ತನುಜಳ ಹೆಸರಿನಲ್ಲಿದ್ದ ಒಳ್ಳೆಯ ಲೇಖನಗಳು ಎರಡು, ಇದು ಅವುಗಳಲ್ಲೊಂದು.

ಗಂಗುಲಮ್ಮನ ಚೀಟಿಗೆ ಐದು ವರ್ಷದಲ್ಲಿ ನಾಲ್ಕು ಸಲ ಹಸಿರು ಬಿತ್ತು.

ನಾಲ್ಕನೆಯದು ಬಿದ್ದ ವರ್ಷ ಅವಳಿಗೆ ಐವತ್ತೆಂಟು. ಬೆಳಗ್ಗೆ ಎದ್ದರೆ ಅರ್ಧ ಗಂಟೆ ಕೆಮ್ಮುತ್ತಿದ್ದಳು. ಎರಡು ಬಿಂದಿಗೆ ನೀರು ಹಿಡಿದು ತಂದು ಗೋಡೆಗೆ ಒರಗಿ ನಿಂತುಬಿಡುತ್ತಿದ್ದಳು. "ಎದೆ ಬಿಗಿಯುತ್ತೆ ತನು" ಎಂದಾಗ ಮಗಳು, "ಹೋದ ತಿಂಗಳು ತಾನೇ ಊದಿ ಬಂದಿದೀಯ, ಚೆನ್ನಾಗಿದೆ ಅಂತ ಬಂದಿದೆ. ರಾತ್ರಿ ನಿದ್ದೆ ಮಾಡಲ್ಲ ನೀನು, ಅದಕ್ಕೇ ಸುಸ್ತು" ಅನ್ನುತ್ತಿದ್ದಳು. ಒಂದು ಸಲ ಸ್ವಲ್ಪ ಬೇಸರದಿಂದಲೇ ಅಂದಳು: "ಮಿಷಿನ್ ಸುಳ್ಳು ಹೇಳುತ್ತಾ ಅಮ್ಮ?" ಗಂಗುಲಮ್ಮ ಆಮೇಲೆ ಎದೆಯ ಮಾತು ಎತ್ತಲಿಲ್ಲ.

ಆಗಸ್ಟ್‌ನ ಒಂದು ಮಧ್ಯಾಹ್ನ ಮಾರುಕಟ್ಟೆಯ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದವಳು ಹಾಗೇ ಕುಸಿದಳು. ತುಟಿ ನೀಲಿಗಟ್ಟಿತ್ತು. ಅಂಗಡಿಯವರು ಆಟೋದಲ್ಲಿ ಕೂರಿಸಿ ತನುಜಳಿಗೆ ಫೋನ್ ಮಾಡಿದರು. ಮಾರನೇ ದಿನ ಚಿಕ್ಕಬಳ್ಳಾಪುರದಲ್ಲಿ ಎದೆರೋಗದ ಡಾಕ್ಟರೊಬ್ಬರು ಗಂಗುಲಮ್ಮನಿಂದ ಮೂರು ಸಲ ಊದಿಸಿ, ಹಾಳೆ ನೋಡಿ, "ಎಷ್ಟು ವರ್ಷದಿಂದ ಹೀಗೆ?" ಎಂದು ಕೇಳಿದರು. ತನುಜ ಬ್ಯಾಗಿನಿಂದ ನಾಲ್ಕೂ ಹಸಿರು ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಒಂದೊಂದನ್ನೂ ತಿರುಗಿಸಿ ನೋಡಿದರು.

"ಇದೇ ಅಂಕಿ ಐದು ವರ್ಷದ ಹಿಂದೇನೇ ಕಮ್ಮಿ ಅಮ್ಮ. ಆವತ್ತೇ ಬಿಡಿಸಬೇಕಿತ್ತು ಈ ಕೆಲಸ. ಬರೀ ಒಂದ್ ಲೀಟರ್ ಚಿಲ್ಲರೆ ಊದಿರೋರಿಗೆ ಹಸಿರು ಹಾಕೋ ಚಾರ್ಟು ಯಾರು ಮಾಡಿದ್ದು?"

"ಕ್ಲಿನಿಕ್‌ನೋರು ಸಾರ್" ಎಂದಳು ತನುಜ.

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗಂಗುಲಮ್ಮ ಮಗಳ ಮುಖ ನೋಡಿದಳು. ಚಾರ್ಟು ಮಾಡಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಬೇಸಿನ್ ಹತ್ತಿರ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಈಗ ಅವಳೂ ಏನೂ ಹೇಳಲಿಲ್ಲ. ಡಾಕ್ಟರು ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು, ಬೇಸಿನ್ ಹತ್ತಿರ ಇನ್ನು ಹೋಗಲೇಬಾರದು ಎಂದರು, ಹೋಗಿರುವ ಉಸಿರು ಪೂರ್ತಿ ಮರಳಿ ಬರುವುದಿಲ್ಲ ಎಂದೂ ಹೇಳಿದರು.

ಭಾನುವಾರ ಮಧ್ಯಾಹ್ನ, ತಾಯಿ ಮಲಗಿದ್ದಾಗ, ತನುಜ ಹಳೆಯ ಫೈಲು ತೆರೆದಳು. ಐದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಬಾಗುವಿನಲ್ಲಿ ಏನೋ ತಪ್ಪು ಲೆಕ್ಕ ಸೇರಿಕೊಂಡಿರಬೇಕು ಎಂಬುದು ಅವಳ ಮೊದಲ ಅನುಮಾನ. ಒಂದು ರೀತಿಯಲ್ಲಿ ಆಸೆಯೂ ಆಗಿತ್ತು. ಲೆಕ್ಕದ ತಪ್ಪಾದರೆ ಹುಡುಕಬಹುದು, ತಿದ್ದಬಹುದು. ಎರಡು ಗಂಟೆ ಹುಡುಕಿದಳು. ಲೆಕ್ಕ ಸರಿಯಾಗಿತ್ತು. ಬೇರೆ ಎರಡು ಸಾಫ್ಟ್‌ವೇರ್‌ಗಳಿಗೆ ಅದೇ ಅಂಕಿಗಳನ್ನು ಕೊಟ್ಟಳು. ಅವೂ ಅದೇ ಗೆರೆ ಎಳೆದವು: ಇಪ್ಪತ್ತೈದರವರೆಗೆ ಏರು, ನಲವತ್ತರವರೆಗೆ ಹೆಚ್ಚುಕಡಿಮೆ ಸಮ, ಐವತ್ತು ದಾಟಿದ ಮೇಲೆ ಧಡಕ್ಕನೆ ಇಳಿಜಾರು.

ಆಮೇಲೆ ಅವಳು ಗೆರೆ ಬಿಟ್ಟು ಜನರನ್ನು ನೋಡಿದಳು. ಕಡಿಮೆ ವಯಸ್ಸಿನವರಲ್ಲಿ ಎಲ್ಲ ಬಗೆಯವರಿದ್ದರು. ಕಾಲೇಜಿನ ಹುಡುಗಿಯರು, ಅಂಗಡಿಯವರು, ಟೈಲರಿಂಗ್ ಮಾಡುವವರು. ಐವತ್ತು ದಾಟಿದ ಹೆಂಗಸರು ಹದಿನಾಲ್ಕೇ ಜನ. ಕ್ಲಿನಿಕ್ ಇದ್ದುದು ಬೇಸಿನ್ ಬೀದಿಯಲ್ಲಿ. ಆ ವಯಸ್ಸಿನವರು ಅಲ್ಲಿ ಸಿಕ್ಕಿದ್ದು ಬೇಸಿನ್‌ನಿಂದಲೇ. ಹನ್ನೊಂದು ಜನ ನೂಲು ಬಿಚ್ಚುವವರು, ಇಬ್ಬರು ಗೂಡು ಬೇಯಿಸುವ ಒಲೆಗೆ ಸೌದೆ ಹಾಕುವವರು, ಒಬ್ಬಳು ಮಾತ್ರ ಹೂವು ಮಾರುವವಳು. ವಯಸ್ಸು ತಂದ ಇಳಿಜಾರಿಗೆ ಹೊಗೆ, ಹಬೆ ತಂದ ಇಳಿಜಾರು ಸೇರಿಕೊಂಡಿತ್ತು. ಕೆಲಸದಿಂದ ಕೆಟ್ಟ ಎದೆಗಳನ್ನೇ ಆರೋಗ್ಯ ಎಂದು ಬಗೆದು, ಅವುಗಳ ಮೇಲೆ ಗೆರೆ ಎಳೆದು, ಅದೇ ಕೆಲಸ ಮಾಡುವವರಿಗೆ ನೀವು ಚೆನ್ನಾಗಿದ್ದೀರಿ ಎಂದು ಹೇಳಿದಂತಾಗಿತ್ತು.

ಆ ಹದಿನಾಲ್ಕರಲ್ಲಿ ಮುನ್ನೂರ ಎಂಬತ್ತೆಂಟನೆಯ ಸಾಲು: ಗಂಗುಲಮ್ಮ, ಐವತ್ತೆರಡು ವರ್ಷ, ಕೆಮ್ಮು ಇಲ್ಲ, ಉಬ್ಬಸ ಇಲ್ಲ.

ತನುಜಳಿಗೆ ನೆನಪಾಯಿತು. ವಯಸ್ಸಾದ ಹೆಂಗಸರು ಸಾಲುತ್ತಿಲ್ಲ ಎಂದು ಭಾನುಪ್ರಕಾಶ್ ಹೇಳಿದಾಗ ತಾಯಿಯನ್ನು ಕರೆದುಕೊಂಡು ಹೋದವಳು ಅವಳೇ. "ಊದಿ ಬಾರಮ್ಮ, ನನ್ ಕೆಲಸಕ್ಕೆ ಸಹಾಯ ಆಗುತ್ತೆ" ಎಂದಿದ್ದಳು. ಆ ಬೀದಿಯಲ್ಲಿ ಕೆಮ್ಮುವುದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಕೆಮ್ಮು ಇದೆಯಾ ಎಂದರೆ ಇಲ್ಲ ಎನ್ನುವುದೇ ವಾಡಿಕೆ.

ಇನ್ನೂ ಒಂದಿತ್ತು. ಬಾಗು ಗೆರೆಯನ್ನು ಮಾತ್ರ ಎಳೆಯುತ್ತಿರಲಿಲ್ಲ. ಗೆರೆಯ ಎರಡೂ ಬದಿಗೆ ಬೂದು ಬಣ್ಣದ ಪಟ್ಟಿಯೊಂದನ್ನು ತುಂಬುತ್ತಿತ್ತು. ಅಂಕಿಗಳು ತುಂಬ ಇದ್ದ ಕಡೆ ಪಟ್ಟಿ ಕಿರಿದು; ಅಂಕಿಗಳು ವಿರಳವಾದಷ್ಟೂ ಪಟ್ಟಿ ಅಗಲ, ಅಂದರೆ ಇಲ್ಲಿ ಗೆರೆಯನ್ನು ನಂಬಬೇಡಿ ಎಂದರ್ಥ. ಚಾರ್ಟು ತಯಾರಾಗುವಾಗ ಭಾನುಪ್ರಕಾಶ್ ಫೋನ್ ಮಾಡಿ, "ಆ ಬೂದು ಬಣ್ಣ ತೆಗೆಯೋಕಾಗುತ್ತಾ ತನುಜ? ನಮ್ಮ ನರ್ಸ್ ಶ್ಯಾಮಲಮ್ಮನಿಗೆ ಗೊಂದಲ ಆಗ್ತಿದೆ. ಗೆರೆ ಒಂದೇ ಇದ್ರೆ ಮೇಲೆ, ಕೆಳಗೆ ಅಂತ ನೋಡಿಬಿಡ್ತಾರೆ" ಎಂದಿದ್ದರು. ತೆಗೆಯುವುದು ಕಷ್ಟವಿರಲಿಲ್ಲ. ಹೌದು ಎಂದಿದ್ದ ಕಡೆ ಇಲ್ಲ ಎಂದು ಒಂದು ಪದ ಬದಲಿಸಿದರೆ ಸಾಕು. ಪಟ್ಟಿ ಕೊನೆಯಲ್ಲಿ ಎಷ್ಟು ಅಗಲವಾಗಿದೆ ಎಂದು ಅವಳು ಆಗಲೇ ನೋಡಿದ್ದಳು. ಹೇಳಬೇಕು ಎಂದೂ ಅನ್ನಿಸಿತ್ತು. ಆ ವಾರ ಆದೇಶ ಬರುವ ಗಡಿಬಿಡಿ. ಪದ ಬದಲಿಸಿ ಕಳಿಸಿದ್ದಳು.

ಅವಳು ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋದಳು. ಒಳಗಿನಿಂದ ತಾಯಿ ಕೆಮ್ಮುವುದು ಕೇಳಿಸುತ್ತಿತ್ತು.

ಸೋಮವಾರ ರಜೆ ಹಾಕಿ ಕ್ಲಿನಿಕ್ಕಿಗೆ ಹೋದಳು. ಭಾನುಪ್ರಕಾಶ್ ಹಾಳೆಗಳನ್ನು ಗಮನವಿಟ್ಟು ನೋಡಿದರು. ಅರವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ.

"ಸಾಫ್ಟ್‌ವೇರ್‌ದು ತಪ್ಪಾ?"

"ಇಲ್ಲ ಸಾರ್. ಕೊಟ್ಟಿದ್ದಕ್ಕೆ ಸರಿಯಾಗೇ ಗೆರೆ ಹಾಕಿದೆ. ಕೊಟ್ಟಿದ್ದು ನಾವು. ಎಚ್ಚರಿಕೆ ತೆಗೆದಿದ್ದು ನಾನು."

"ನಾನು ತೆಗೆಸಿದ್ದು."

"ನಿಮಗೆ ಅದೇನು ಅಂತ ಗೊತ್ತಿರಲಿಲ್ಲ ಸಾರ್. ನನಗೆ ಗೊತ್ತಿತ್ತು."

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಎಷ್ಟು ಜನ ಎಂದು ಕೇಳಿದರು. ಕ್ಲಿನಿಕ್‌ನವರು ವರ್ಷಾವರ್ಷ ಕಳಿಸುತ್ತಿದ್ದ ಅಂಕಿಗಳಿಂದ ಅವಳು ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಐದು ವರ್ಷದಲ್ಲಿ ಹಸಿರು ಪಡೆದ ಐವತ್ತು ದಾಟಿದ ಹೆಂಗಸರು ಅರವತ್ತೊಂದು. ಚಿಕ್ಕಬಳ್ಳಾಪುರದ ಡಾಕ್ಟರು ಬಳಸುವ ಚಾರ್ಟಿಟ್ಟು ನೋಡಿದರೆ ಅದರಲ್ಲಿ ಇಪ್ಪತ್ತೇಳು ಜನಕ್ಕೆ ಕೆಂಪು ಬೀಳಬೇಕಿತ್ತು.

"ಮುಂದಿನ ತಿಂಗಳಿಂದ ಹೊಸ ಚಾರ್ಟ್ ಹಾಕಣ" ಎಂದರು ಭಾನುಪ್ರಕಾಶ್. "ಸದ್ದಿಲ್ಲದೆ. ಅವರು ಮುಂದಿನ ಸಲ ಬಂದಾಗ ಕೆಂಪು ಬೀಳುತ್ತೆ."

"ಮುಂದಿನ ಸಲ ಅಂದ್ರೆ ಇನ್ನೊಂದು ವರ್ಷ ಸಾರ್."

"ತನುಜ, ಒಂದು ಯೋಚನೆ ಮಾಡಿ. ಈ ಯಜಮಾನ್ರು ಕೆಂಪು ಗುರುತು ಒಪ್ಪೋಕೆ ನಾನು ಎಷ್ಟು ಮನೆ ಬಾಗಿಲು ತುಳಿದೆ ಅಂತ ನಿಮಗೆ ಗೊತ್ತು. ಚಾರ್ಟು ತಪ್ಪಿತ್ತು ಅಂತ ನಾವೇ ಹೇಳಿದ್ರೆ, ಇದುವರೆಗೂ ಹಾಕಿರೋ ಕೆಂಪನ್ನೂ ಅವರು ಎಸೀತಾರೆ. ಅದರಿಂದ ಉಳಿದುಕೊಂಡಿರೋ ಹೆಂಗಸರ ಗತಿ?"

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ತನುಜ ಹಾಳೆಗಳನ್ನು ಅಲ್ಲೇ ಬಿಟ್ಟು ಎದ್ದಳು. ಬಾಗಿಲಿನವರೆಗೆ ಹೋದವಳು ತಿರುಗಿ, "ನಮ್ಮಮ್ಮನಿಗೂ ನಾಲ್ಕು ಸಲ ಹಸಿರು ಬಿದ್ದಿದೆ ಸಾರ್" ಎಂದಳು. ಅವರಿಗೆ ಅದು ಗೊತ್ತಿರಲಿಲ್ಲ.

ಗುರುವಾರ ಶ್ಯಾಮಲಮ್ಮ ಮನೆಗೆ ಬಂದರು. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವರು, ಬೀದಿಯ ಪ್ರತಿ ಮನೆ ಗೊತ್ತಿದ್ದವರು. ಕೈಯಲ್ಲಿ ಇಪ್ಪತ್ತೇಳು ಹೆಸರಿನ ಪಟ್ಟಿ, ಭಾನುಪ್ರಕಾಶ್ ಅವರ ಸಹಿ. "ಡಾಕ್ಟರು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ತನುಜಮ್ಮ. ಹೋಗಿ ಎಲ್ಲರಿಗೂ ಹೇಳಿ ಬನ್ನಿ ಅಂದ್ರು. ಏನಾಗುತ್ತೋ ನೋಡ್ಕೊಳಣ ಅಂದ್ರು" ಎಂದರು.

ಹೋಗುವ ಮೊದಲು ತನುಜ ತಾಯಿಗೆ ಎಲ್ಲವನ್ನೂ ಹೇಳಿದಳು. ಹದಿನಾಲ್ಕು ಹೆಂಗಸರು, ಗೆರೆ, ಬೂದು ಪಟ್ಟಿ. ಗಂಗುಲಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು. ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಕೊನೆಗೆ ಹೇಳಿದಳು: "ಕೆಮ್ಮು ಇಲ್ಲ ಅಂದೋಳು ನಾನು ಕಣಮ್ಮ. ಇದೆ ಅಂದಿದ್ರೆ ನಿನ್ ಕೆಲಸಕ್ಕೆ ನಾನು ಬೇಡ ಅಂದ್ಬಿಡ್ತಿದ್ರು ಅಂತ ಅನ್ಕೊಂಡೆ."

"ನಿನ್ ತಪ್ಪು ಅಲ್ಲಮ್ಮ ಅದು."

"ಮತ್ತೆ ಯಾರ್ದು ಬಿಡು. ಆಗೋಯ್ತು." ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡು, "ಆ ಚಿಕ್ಕಬಳ್ಳಾಪುರದ ಡಾಕ್ಟ್ರತ್ರ ಚಾರ್ಟು ಮಾಡಿದ್ದು ನಾನೇ ಅಂತ ಯಾಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದಳು. ತಪ್ಪು ಹೊರಿಸುವ ದನಿಯಲ್ಲಿ ಅಲ್ಲ. ತಿಳಿದುಕೊಳ್ಳಲು ಕೇಳಿದ ಹಾಗೆ. ಹೆದರಿಕೆಯಾಯಿತು ಎಂದಳು ತನುಜ. ಗಂಗುಲಮ್ಮ ತಲೆಯಾಡಿಸಿ ಬೆಳ್ಳುಳ್ಳಿಯ ಸಿಪ್ಪೆ ಊದಿ ಹಾರಿಸಲು ಹೋದಳು. ಆಗಲಿಲ್ಲ. ಕೈಯಿಂದ ಸರಿಸಿದಳು.

ಮೂರು ವಾರ, ಸಂಜೆ ಹೊತ್ತು ಮತ್ತು ಭಾನುವಾರಗಳಲ್ಲಿ, ತನುಜ ಮತ್ತು ಶ್ಯಾಮಲಮ್ಮ ಮನೆಮನೆ ಸುತ್ತಿದರು. ಇಪ್ಪತ್ತೇಳರಲ್ಲಿ ಇಪ್ಪತ್ತೆರಡು ಜನ ಸಿಕ್ಕರು. ಮೂವರು ಊರು ಬಿಟ್ಟಿದ್ದರು. ಇಬ್ಬರು ಬದುಕಿರಲಿಲ್ಲ. ಹೆಚ್ಚಿನವರು ಜಗಳವಾಡಲಿಲ್ಲ. ಒಬ್ಬಾಕೆ ಮಾತ್ರ, "ಹಂಗಾದ್ರೆ ನಂಗೆ ಏನೂ ಇಲ್ಲ ಅಂತ ನನ್ ಸೊಸೆ ಮುಂದೆ ಹೇಳಿದ್ರಲ್ಲ, ಈಗ ಬಂದು ಅವಳ ಮುಂದೆನೇ ಹೇಳಿ" ಎಂದು ಪಟ್ಟುಹಿಡಿದಳು. ಸೊಸೆ ಬರುವವರೆಗೆ ಕಾದು ಹೇಳಿ ಬಂದರು.

ತೀರಿಕೊಂಡ ಇಬ್ಬರಲ್ಲಿ ಒಬ್ಬಳು ಪಾಪಕ್ಕ. ಅವಳ ಗಂಡ ಮುನಿಶಾಮಪ್ಪ ಈಗ ಕೈವಾರದಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಗೊತ್ತಾಯಿತು. ಅಲ್ಲಿಗೆ ಹೋಗಲೇಬೇಕೇ ಎಂದು ಶ್ಯಾಮಲಮ್ಮ ಕೇಳಿದರು. ತೀರಿಹೋದವರಿಗೆ ಹೇಳಿ ಮಾಡುವುದೇನು? ತನುಜ ಒಬ್ಬಳೇ ಹೋದಳು. ಯಾತ್ರಿಕರು ತುಂಬಿದ ಬಸ್ಸಿನಲ್ಲಿ ನಿಂತೇ ಹೋದಳು.

ಮುನಿಶಾಮಪ್ಪ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. "ಕೂಚೋಮ್ಮಾ" ಎಂದು ತೆಲುಗಿನಲ್ಲಿ ಹೇಳಿ, ಗುರುತು ಸಿಕ್ಕಿದ ಮೇಲೆ ಕನ್ನಡಕ್ಕೆ ತಿರುಗಿದರು. "ಗಂಗುಲಮ್ಮನ ಮಗಳಲ್ವಾ. ಕೂತ್ಕೊ." ಅವಳು ಬಂದ ವಿಷಯ ಹೇಳಿದಳು. ಹೇಳುವುದನ್ನು ಇಷ್ಟು ದಿನದಲ್ಲಿ ಕಲಿತಿದ್ದಳು: ಚೀಟಿ ಹಸಿರು ಇತ್ತು, ಅದು ತಪ್ಪು, ಕೆಂಪು ಆಗಬೇಕಿತ್ತು, ಆ ಚಾರ್ಟು ಮಾಡಿದವಳು ನಾನು.

ಅವರು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆ ಚೀಟಿ ಇಟ್ಟಿದೀನಿ. ಒಳಗೈತೆ" ಎಂದರು. "ಅವಳು ಆಗಾಗ ಆಗಲ್ಲ, ಆಗಲ್ಲ ಅನ್ನೋಳು. ಬೆಳಗ್ಗೆ ಕೆಲಸಕ್ಕೆ ಎದ್ದೇಳೋಕೇ ಆಗಲ್ಲ ಅನ್ನೋಳು. ನಾನು ಆ ಚೀಟಿ ತೋರಿಸ್ತಿದ್ದೆ. ನಿನ್ಗೇನೂ ಇಲ್ಲ ಅಂತ ಡಾಕ್ಟ್ರೇ ಬರ್ದವ್ರೆ, ಮೈಗಳ್ಳತನ ಮಾಡ್ಬೇಡ ಅಂತಿದ್ದೆ. ಮಕ್ಕಳ ಮುಂದೇನೇ ಅಂತಿದ್ದೆ."

ತನುಜ ತಲೆ ತಗ್ಗಿಸಿದಳು.

"ಅಂದ್ರೆ ಅವಳು ನಿಜಾನೇ ಹೇಳ್ತಿದ್ಲು."

"ಹೌದು."

ಅವರು ಸುಲಿದ ಬೀಜಗಳನ್ನು ಮೊರದಲ್ಲಿ ಒಂದು ಕಡೆ ಸರಿಸಿದರು. "ನಮ್ ಹುಡುಗಿ ಹೊಲಕ್ಕೆ ಹೋಗವ್ಳೆ. ಬಂದ್ಮೇಲೆ ಅವಳಿಗೂ ಹೇಳ್ಬುಡು. ನನ್ ಬಾಯಿಂದ ಹೇಳೋಕಾಗಲ್ಲ" ಎಂದರು. ತನುಜ ಸಂಜೆಯವರೆಗೆ ಕಾದಳು. ಮಗಳು ಬಂದಳು, ಕೇಳಿದಳು, ಒಳಗೆ ಹೋದಳು. ಮುನಿಶಾಮಪ್ಪ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದರು.

ಭಾನುಪ್ರಕಾಶ್ ಹೆದರಿದ್ದು ನಡೆದೇ ಹೋಯಿತು. ಹದಿನಾರು ಬೇಸಿನ್ ಇಟ್ಟುಕೊಂಡಿದ್ದ ಕೋನಪ್ಪ ಎಂಬ ಯಜಮಾನರು ಪತ್ರ ಹಿಂದಕ್ಕೆ ಕಳಿಸಿ, ಎದುರಿಗೆ ಸಿಕ್ಕಾಗ, "ನಿನ್ನೆ ಹಸಿರು ಅಂದ್ರಿ, ಇವತ್ತು ಕೆಂಪು ಅಂತೀರ. ನಾಳೆ ಏನಂತೀರೋ ಸಾರ್? ನಾನು ಯಾವುದನ್ನ ನಂಬಲಿ?" ಎಂದರು. ಇನ್ನಿಬ್ಬರು ಅದೇ ದಾರಿ ಹಿಡಿದರು. ಮೊದಲು ಕೆಂಪು ಬಿದ್ದು ನೂಲು ಸುತ್ತುವ ಒಣ ಕೆಲಸಕ್ಕೆ ಹೋಗಿದ್ದ ನಾಲ್ವರು ಹೆಂಗಸರನ್ನು ಕೋನಪ್ಪ ಮತ್ತೆ ಬೇಸಿನ್‌ಗೆ ಕರೆದರು. ಇಬ್ಬರು ಹೋದರು. ಉಳಿದ ಯಜಮಾನರು ಹೊಸ ಪತ್ರವನ್ನು ಒಪ್ಪಿದರು. ಇಪ್ಪತ್ತೆರಡರಲ್ಲಿ ಹದಿನೈದು ಜನರ ಕೆಲಸ ಬದಲಾಯಿತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತೂಗಿ ನೋಡಲು ತನುಜಳಿಗೆ ಬರುವ ಯಾವ ಲೆಕ್ಕವೂ ಸಾಲುತ್ತಿರಲಿಲ್ಲ. ಬೇಸಿನ್‌ಗೆ ಮರಳಿದ ಇಬ್ಬರಲ್ಲಿ ಒಬ್ಬಾಕೆ ದಾರಿಯಲ್ಲಿ ಸಿಕ್ಕಿದರೆ ತನುಜ ಮುಖ ತಪ್ಪಿಸುತ್ತಿದ್ದಳು.

ಪತ್ರಿಕೆಗೆ ಬರೆದು ಆ ಲೇಖನ ಹಿಂತೆಗೆಯಲು ಕೇಳಿಕೊಂಡಳು. ಭಾನುಪ್ರಕಾಶ್ ಬೇಡ ಎನ್ನಲಿಲ್ಲ; "ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕಿದೀರಲ್ಲ, ಅದರಲ್ಲಿ ಇದೂ ಸೇರಿದೆಯಲ್ವಾ?" ಎಂದು ಮಾತ್ರ ಕೇಳಿದರು. ಸೇರಿತ್ತು. ಡಿಸೆಂಬರ್‌ನಲ್ಲಿ ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಕೂತವರೊಬ್ಬರು ಅರ್ಜಿಯ ಮೇಲೆ ಬೆರಳಿಟ್ಟು, "ಇದು ನೀವೇ ವಾಪಸ್ ತಗೊಂಡಿದ್ದಾ? ಯಾರಾದ್ರೂ ತಪ್ಪು ಹಿಡಿದಿದ್ರಾ?" ಎಂದರು. ಯಾರೂ ಹಿಡಿದಿರಲಿಲ್ಲ ಎಂದಳು. "ಮತ್ತೆ ಯಾಕೆ?" ಎಂದರು ಅವರು. ತನುಜ ಹೇಳಿದ ಉತ್ತರ ಅವರಿಗೆ ಉದ್ದವಾಯಿತು. ಆಯ್ಕೆಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಇದಕ್ಕೇ ಎಂದು ಹೇಳುವಂತಿಲ್ಲ. ಹಿಂದಿನ ಸಲವೂ ಇರಲಿಲ್ಲ.

ಬಾಗುವನ್ನೂ ಅವಳು ತಿದ್ದಿದಳು. ಈಗ ಬೂದು ಪಟ್ಟಿಯನ್ನು ಒಂದು ಪದ ಬದಲಿಸಿ ತೆಗೆಯಲಾಗದು. ಅಂಕಿಗಳು ತೀರ ವಿರಳವಾದ ಕಡೆ ಗೆರೆ ತಾನೇ ನಿಂತುಬಿಡುತ್ತದೆ. ಮುಂದಕ್ಕೆ ಎಳೆಯಬೇಕಾದರೆ ಯಾಕೆ ಎಂದು ಬಳಸುವವರು ಬರೆದು ಒಪ್ಪಬೇಕು. ಏನಾಗಿತ್ತು ಎಂಬುದನ್ನು ಊರಿನ ಹೆಸರಿಲ್ಲದೆ ಮೊದಲ ಪುಟದಲ್ಲೇ ಬರೆದಳು. ಮೀನಿನ ತೂಕ ಅಳೆಯುವವರಲ್ಲಿ ಒಬ್ಬರು, ಈ ಬದಲಾವಣೆಯಿಂದ ತಮ್ಮ ಹಳೆಯ ಕೆಲಸವೆಲ್ಲ ಓಡುತ್ತಿಲ್ಲ, ದಯವಿಟ್ಟು ಮೊದಲಿನಂತೆ ಮಾಡಿ ಎಂದು ಸಿಟ್ಟಿನಿಂದ ಬರೆದರು. ಕೆಲವರು ಬಾಗುವನ್ನೇ ಬಿಟ್ಟರು. ಯಾವುದೋ ಆಸ್ಪತ್ರೆಯ ಹೆಂಗಸೊಬ್ಬಳು ತನ್ನ ಚಾರ್ಟನ್ನು ಮತ್ತೆ ನೋಡುತ್ತಿದ್ದೇನೆ ಎಂದಷ್ಟೇ ಎರಡು ಸಾಲು ಕಳಿಸಿದಳು. ಆಮೇಲೆ ಅವಳಿಂದ ಪತ್ರ ಬರಲಿಲ್ಲ.

ಹೊಸ ಗೆರೆಗೆ ಹೊಸ ಜನ ಬೇಕಿತ್ತು. ಬೇಸಿನ್ ಮುಟ್ಟದ, ವಯಸ್ಸಾದ ಹೆಂಗಸರು. ಜನವರಿಯಲ್ಲಿ ತನುಜ, ಶ್ಯಾಮಲಮ್ಮ ಊದುವ ಯಂತ್ರ ಹೊತ್ತು ಮಂಡಿಕಲ್ಲಿಗೆ, ನಂದಿಯ ದ್ರಾಕ್ಷಿ ತೋಟಗಳಿಗೆ ಹೋದರು. ಎರಡನೇ ದಿನವೇ ಶ್ಯಾಮಲಮ್ಮ ತನುಜಳನ್ನು ಪಕ್ಕಕ್ಕೆ ಕರೆದು, "ಇವರೂ ನಲವತ್ತು ವರ್ಷ ಸೌದೆ ಒಲೆ ಊದಿರೋರೇ ತನುಜಮ್ಮ. ಆ ಕಡೆಯವರು ಔಷಧಿ ಹೊಡೆಯೋ ತೋಟದಲ್ಲಿ ಕೆಲಸ ಮಾಡೋರು. ಚೆನ್ನಾಗಿರೋ ಎದೆ ಅಂತ ಎಲ್ಲಿಂದ ತರಣ?" ಎಂದರು. ತನುಜ ಅದನ್ನು ಯೋಚಿಸಿರಲಿಲ್ಲವೆಂದಲ್ಲ. ಒಲೆ ಎಂಬುದಕ್ಕೆ ಒಂದು ಕಾಲಂ ಸೇರಿಸಿದರು, ಔಷಧಿ ಎಂಬುದಕ್ಕೆ ಇನ್ನೊಂದು. ನೂರ ಎಂಬತ್ತು ಹೆಂಗಸರು ಊದಿದರು. ಬಂದ ಗೆರೆ ಹಳೆಯದಕ್ಕಿಂತ ಎಷ್ಟೋ ಮೇಲಿತ್ತು. ಅರವತ್ತರ ಆಚೆ ಬೂದು ಪಟ್ಟಿ ಇನ್ನೂ ಅಗಲವೇ. ಪಟ್ಟಿಯೊಳಗೆ ಬಿದ್ದವರನ್ನು ಮೂರು ತಿಂಗಳಿಗೊಮ್ಮೆ ಕರೆಯುವುದೆಂದು ಮಾಡಿಕೊಂಡರು. ಅದರಿಂದ ಕ್ಲಿನಿಕ್ಕಿನಲ್ಲಿ ಊದಿಸುವ ದಿನವಾದ ಬುಧವಾರದ ಸಾಲು ಉದ್ದವಾಯಿತು, ಶ್ಯಾಮಲಮ್ಮನ ಊಟದ ಹೊತ್ತು ತಪ್ಪಿತು.

ಗಂಗುಲಮ್ಮ ಪಂಪು ಎಳೆದುಕೊಂಡು ಮನೆಯಲ್ಲೇ ಇದ್ದಾಳೆ. ಬೇಸಿನ್ ಬಿಟ್ಟ ಮೇಲೆ ಅವಳಿಗೆ ಹೊತ್ತು ಹೋಗುವುದಿಲ್ಲ. ಬೆರಳ ತುದಿಗಳು ಒಣಗಿ ಮಾಮೂಲಿನ ಬಣ್ಣಕ್ಕೆ ಬಂದಿವೆ. ಉಸಿರು ಹೆಚ್ಚೇನೂ ಬಂದಿಲ್ಲ. ಅವರಿದ್ದದ್ದು ಮಹಡಿಯ ಮೇಲಿನ ಬಾಡಿಗೆ ಮನೆ. ಫೆಬ್ರುವರಿಯ ಹೊತ್ತಿಗೆ ಇಪ್ಪತ್ತು ಮೆಟ್ಟಿಲು ಹತ್ತಲು ಅವಳಿಗೆ ಕಾಲು ಗಂಟೆ ಹಿಡಿಯತೊಡಗಿತು. ಎರಡು ಬೀದಿ ಆಚೆ ನೆಲದ ಮೇಲಿನ ಮನೆಯೊಂದು ಸಿಕ್ಕಿತು. ಕೆಂಪರಾಜು ಗೌರಿಬಿದನೂರಿನಿಂದ ಬಂದು ಅಕ್ಕನ ಜೊತೆ ಸಾಮಾನು ಇಳಿಸಿದ. ಗಂಗುಲಮ್ಮನನ್ನು ಕೆಳಗೆ ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದ್ದರು. ಅಲ್ಲಿಂದಲೇ ಅವಳು ಯಾವ ಪಾತ್ರೆ ಯಾವ ಚೀಲಕ್ಕೆ ಎಂದು ಹೇಳುತ್ತಿದ್ದಳು. ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದಳು. ಅವಳು ನಿಲ್ಲಿಸಿದಾಗಲೆಲ್ಲ ತನುಜ, ಕೈಯಲ್ಲಿ ಏನಿದ್ದರೂ ಹಿಡಿದುಕೊಂಡು, ಮೆಟ್ಟಿಲ ಮೇಲೆ ನಿಂತಲ್ಲೇ ನಿಂತು, ಮುಂದಿನ ಮಾತು ಬರುವವರೆಗೆ ಕಾಯುತ್ತಿದ್ದಳು.